‘ತೊಂದರೆಯೇನೂ ಇಲ್ಲ ಸರ್’: ನಾನು ಕಲಿಸಿದ ಉತ್ತರ

ಐದು ಮಂದಿ ವಿದೇಶಿ ವಿದ್ಯಾರ್ಥಿಗಳನ್ನು ಒಂದಿಡೀ ಶೈಕ್ಷಣಿಕ ವರ್ಷ ತರಗತಿಯಲ್ಲಿ ಕೂರಿಸಿ, ಅವರ ಹೆಸರು ವಿಶ್ವವಿದ್ಯಾನಿಲಯದ ದಾಖಲೆಯಲ್ಲಿ ಇಲ್ಲವೇ ಇಲ್ಲ ಎಂಬುದನ್ನು ಅವರಿಂದಲೇ ಮುಚ್ಚಿಟ್ಟವರು ಕಾಲೇಜಿನ ಆಡಳಿತ ಮಂಡಳಿಯವರು. ಅದೇ ಕಾಲೇಜಿಗೆ ಬಂದು, ಅದೇ ವಿದ್ಯಾರ್ಥಿಗಳ ಮುಂದೆ ನಿಂತು, ಒಂದು ರಿಜಿಸ್ಟರನ್ನೂ ತೆರೆಸದೆ, ‘ವಿದೇಶಿ ವಿದ್ಯಾರ್ಥಿಗಳು ಸಂತೃಪ್ತರಾಗಿದ್ದಾರೆ’ ಎಂದು ಬರೆದುಕೊಂಡು ಹೋದವರು ವಿಶ್ವವಿದ್ಯಾನಿಲಯದ ತಪಾಸಣಾ ಸಮಿತಿಯವರು. ಈ ಎರಡು ಆರೋಪಗಳನ್ನು ಪೂರ್ಣ ಜವಾಬ್ದಾರಿಯಿಂದ ಮಾಡುತ್ತಿದ್ದೇನೆ. ಮೂರನೆಯದು ನನ್ನ ಮೇಲೆಯೇ ಇದೆ. ಅದನ್ನು ಅದರ ಜಾಗದಲ್ಲಿ ಹೇಳುತ್ತೇನೆ. ಕಾಲೇಜಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ವಿಶ್ವವಿದ್ಯಾನಿಲಯಕ್ಕೆ ಸಲ್ಲಿಸಿರುವ ಮನವಿಯಲ್ಲಿ ಬರೆದಿದ್ದೇನೆ, ಓದಬೇಕಾದವರು ಅಲ್ಲಿ ಓದಲಿ.

2006ರ ಜೂನ್. ಇಂಗ್ಲಿಷ್ ಎಂ.ಎ. ಮುಗಿಸಿ ನನಗೆ ಒಂದು ತಿಂಗಳೂ ಆಗಿರಲಿಲ್ಲ. ಬೆಳ್ತಂಗಡಿ ತಾಲೂಕಿನ ಆ ಸಣ್ಣ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯ ಕೆಲಸ ಸಿಕ್ಕಿತು. ಬಂಟ್ವಾಳದ ಮನೆಯಿಂದ ಬೆಳಿಗ್ಗೆ ಬಸ್ಸು ಹತ್ತಿ ಗುರುವಾಯನಕೆರೆಯಲ್ಲಿ ಇಳಿದು, ಮೂಡುಬಿದಿರೆ ಕಡೆಯ ಇನ್ನೊಂದು ಬಸ್ಸು ಹಿಡಿಯಬೇಕಿತ್ತು. ಹೊಸ ಚೂಡಿದಾರದ ಇಸ್ತ್ರಿ ಅಷ್ಟರಲ್ಲಿ ಮಾಯವಾಗಿರುತ್ತಿತ್ತು. ಮೊದಲ ದಿನವೇ ಪ್ರಿನ್ಸಿಪಾಲರು ಕರೆದು ಹೇಳಿದರು: “ನಮ್ಮಲ್ಲಿಗೆ ಚೀನಾದಿಂದ ಮಕ್ಕಳು ಬಂದಿದ್ದಾರೆ. ಬಿ.ಬಿ.ಎಂ. ಪದವಿಗೆ. ಅವರಿಗೆ ಇಂಗ್ಲಿಷ್ ನೀವು ಮಾಡಿ. ನೀವು ಯಂಗ್, ಅವರಿಗೆ ಹೊಂದಿಕೆ ಆಗ್ತದೆ.”

ವ್ಯಾಪಾರಕ್ಕೆಂದು ಚೀನಾಕ್ಕೆ ಹೋಗಿ ಬರುತ್ತಿದ್ದ ಟ್ರಸ್ಟಿಯೊಬ್ಬರು ಅಲ್ಲಿನ ಏಜೆಂಟನ ಮೂಲಕ ಕರೆಸಿದ್ದ ಐವರು ಅವರು. ಎಲ್ಲರೂ ಯುನ್ನಾನ್ ಪ್ರಾಂತದ ಸಣ್ಣ ಊರುಗಳವರು. ಮೂವರು ಹುಡುಗಿಯರು, ಇಬ್ಬರು ಹುಡುಗರು. ಇಂಗ್ಲಿಷ್ ಮಾಧ್ಯಮದ ಪದವಿ ಪಡೆದು ಮರಳಿದರೆ ರಫ್ತು ಕಂಪನಿಗಳಲ್ಲಿ ದುಭಾಷಿ ಕೆಲಸ ಖಂಡಿತ ಎಂದು ಅವರಿಗೆ ಹೇಳಲಾಗಿತ್ತು. ಅವರಲ್ಲಿ ಲಿನ್ ಮೇ ಎಂಬವಳು ಹತ್ತೊಂಬತ್ತರ ಹುಡುಗಿ. ಅವಳ ತಾಯಿ ನೂಡಲ್ಸ್ ಅಂಗಡಿ ನಡೆಸುತ್ತಿದ್ದರು. ಮಗಳು ವಿದೇಶದ ಕಾಲೇಜಿನಲ್ಲಿದ್ದಾಳೆ ಎಂದು ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದರಂತೆ.

ನನಗೆ ಕೊಟ್ಟ ಪಠ್ಯ ಯಾವುದೋ ಪುಸ್ತಕದ ಜೆರಾಕ್ಸ್ ಪ್ರತಿ. ಮೊದಲ ಪಾಠದ ವಿಷಯ ‘ವಿದೇಶದಲ್ಲಿ ಕಾಲೇಜು ಜೀವನ’. ಅದರಲ್ಲಿ ಹಿಮ ಬೀಳುವ ಕ್ಯಾಂಪಸ್ಸು, ಕೆಫೆಟೀರಿಯಾ, ಅಧ್ಯಾಪಕರನ್ನು ಹೆಸರು ಹಿಡಿದು ಕರೆಯುವ ವಿದ್ಯಾರ್ಥಿಗಳು. ಲಿನ್ ಮೇ ಕಿಟಕಿಯಾಚೆ ನೋಡಿದಳು. ಅಲ್ಲಿ ಜೂನ್ ತಿಂಗಳ ಕೆಸರು, ಹಾಸ್ಟೆಲಿನ ತಗಡಿನ ಮಾಡು, ಒಣಗದ ಬಟ್ಟೆ. “ಮಿಸ್, ಈ ವಿದೇಶ ಯಾವುದು? ನಾವು ಬಂದ ವಿದೇಶ ಬೇರೆ ಅಲ್ಲವಾ?” ಎಂದು ತನ್ನ ತುಂಡು ಇಂಗ್ಲಿಷಿನಲ್ಲಿ ಕೇಳಿದಳು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ.

ಆ ದಿನ ಜೆರಾಕ್ಸನ್ನು ಮೇಜಿನೊಳಗೆ ಹಾಕಿ, ಪಾಠವನ್ನು ನಾನೇ ಬರೆಯತೊಡಗಿದೆ. ನಮ್ಮ ಕಾಲೇಜಿನಲ್ಲಿ ಹಾಜರಿ ಕರೆದಾಗ ಹೇಗೆ ಉತ್ತರಿಸಬೇಕು, ಅಧ್ಯಾಪಕರು ಒಳಗೆ ಬಂದಾಗ ಏಕೆ ಎದ್ದು ನಿಲ್ಲಬೇಕು, ರಜಾ ಅರ್ಜಿ ಹೇಗೆ ಬರೆಯಬೇಕು, ಕಂಡಕ್ಟರ್ ‘ಮುಂದೆ ಹೋಗಿ’ ಎಂದಾಗ ಮುಂದೆ ಜಾಗವೇ ಇಲ್ಲದಿದ್ದರೆ ಏನು ಮಾಡಬೇಕು. ದಾರಿಯಲ್ಲಿ ಎದುರಾದವರು ತುಳುವಿನಲ್ಲಿ ‘ವಣಸ್ ಆಂಡಾ?’, ಅಂದರೆ ಊಟವಾಯಿತೇ, ಎಂದು ಕೇಳುವುದನ್ನು ವಿವರಿಸಿದಾಗ ಲಿನ್ ಮೇ ಕುಣಿದಾಡಿದಳು. ಅವರೂರಿನಲ್ಲೂ ಹಾಗೆಯೇ ಕೇಳುತ್ತಾರಂತೆ. ಮರುದಿನದಿಂದ ಕಚೇರಿಯ ಹಿರಿಯ ಗುಮಾಸ್ತರಾದ ಸುಂದರಣ್ಣನಿಗೆ ಬೆಳಿಗ್ಗೆ ಒಂಬತ್ತಕ್ಕೇ “ವಣಸ್ ಆಂಡಾ?” ಶುರುವಾಯಿತು. “ಈಗ ತಿಂಡಿಯೇ ಇಳಿದಿಲ್ಲ ಮಾರಾಯ್ತಿ” ಎಂದು ಅವರು ಹೊಟ್ಟೆ ಸವರಿಕೊಳ್ಳುತ್ತಿದ್ದರು. ಕಲಿಸಿದ್ದನ್ನು ಚಾಚೂ ತಪ್ಪದೆ ಬಳಸುವ ವಿದ್ಯಾರ್ಥಿಗಳವರು. ಅಧ್ಯಾಪಕಿಗೆ ಅದಕ್ಕಿಂತ ಹೆಮ್ಮೆ ಬೇರೆ ಇರುವುದಿಲ್ಲ.

ನವೆಂಬರಿನಲ್ಲಿ ಮೊದಲ ಸೆಮಿಸ್ಟರ್ ಪರೀಕ್ಷೆ ಬಂತು. ಊರಿನ ಮಕ್ಕಳಿಗೆಲ್ಲ ವಿಶ್ವವಿದ್ಯಾನಿಲಯದ ನೋಂದಣಿ ಸಂಖ್ಯೆ ಬಂದಿತ್ತು. ಈ ಐವರಿಗೆ ಇಲ್ಲ. ವಿದೇಶಿಯರು ಪದವಿಗೆ ಸೇರಬೇಕಾದರೆ ಅವರ ಶಾಲಾ ಪ್ರಮಾಣಪತ್ರವನ್ನು ವಿಶ್ವವಿದ್ಯಾನಿಲಯ ಪರಿಶೀಲಿಸಿ ಅರ್ಹತಾ ಪತ್ರ ಕೊಡಬೇಕು. ಅದಿಲ್ಲದೆ ನೋಂದಣಿ ಇಲ್ಲ, ನೋಂದಣಿ ಇಲ್ಲದೆ ಪರೀಕ್ಷೆ ಇಲ್ಲ. ಆ ಅರ್ಜಿಯನ್ನು ಕಾಲೇಜು ಕಳುಹಿಸಬೇಕಿತ್ತು. ನಾನು ಸುಂದರಣ್ಣನನ್ನು ಕೇಳಿದೆ.

“ಎಂತಕ್ಕೆ ಟೀಚರೇ ಸುಮ್ಮನೆ ತಲೆಬಿಸಿ? ಬರ್ತದೆ. ನಂಬರ್ ಎಲ್ಲಿಗೆ ಓಡಿ ಹೋಗ್ತದೆ?”

“ಅರ್ಜಿ ಹೋಗಿದೆಯಾ ಸುಂದರಣ್ಣ?”

ಅವರು ಬೀರುವಿನ ಕಡೆ ನೋಡಿದರು. “ಅದೆಲ್ಲ ಮೇಲಿನವರಿಗೆ ಗೊತ್ತುಂಟು. ನಮಗೆ ಸಹಿ ಬೇಕು, ಸಹಿ ಮಾಡುವವರು ಫಾರಿನ್‌ನಲ್ಲಿ.”

ಎರಡು ಸೆಮಿಸ್ಟರಿನ ಪರೀಕ್ಷೆಯನ್ನು ಏಪ್ರಿಲ್‌ನಲ್ಲಿ ಒಟ್ಟಿಗೆ ಬರೆಯಬಹುದು ಎಂದು ಪ್ರಿನ್ಸಿಪಾಲರು ಐವರಿಗೂ ತಿಳಿಸಿದರು. ನಾನೂ ಅದನ್ನೇ ತರಗತಿಯಲ್ಲಿ ಹೇಳಿದೆ. ಪರಿಶೀಲಿಸಲಿಲ್ಲ.

2007ರ ಜನವರಿಯಲ್ಲಿ ಕಾಲೇಜಿನ ಸಂಯೋಜನೆಯ, ಅಂದರೆ ಮಾನ್ಯತೆಯ, ನವೀಕರಣಕ್ಕೆಂದು ವಿಶ್ವವಿದ್ಯಾನಿಲಯದ ಸಮಿತಿ ಬರುವುದೆಂದು ಗೊತ್ತಾಯಿತು. ಖಾಸಗಿ ಕಾಲೇಜಿನಲ್ಲಿ ದುಡಿದವರಿಗೆ ಆ ದಿನಗಳನ್ನು ವಿವರಿಸಬೇಕಾಗಿಲ್ಲ. ಗೋಡೆಗೆ ಸುಣ್ಣ, ಬೇರೆ ಸಂಸ್ಥೆಯ ಗ್ರಂಥಾಲಯದಿಂದ ಒಂದು ದಿನದ ಮಟ್ಟಿಗೆ ಬಂದ ಪುಸ್ತಕಗಳು, ಇಲ್ಲದ ವಿಭಾಗಗಳಿಗೂ ನಾಮಫಲಕ, ಸಮಿತಿಯವರಿಗೆ ಬೊಂಡ, ಗೋಳಿಬಜೆ. ವಿದ್ಯಾರ್ಥಿಗಳಿಗೆ ಉತ್ತರಗಳ ತಾಲೀಮು ಮಾಡಿಸುವುದೂ ಆ ತಯಾರಿಯ ಒಂದು ಭಾಗ. ಯಾರೂ ಅದನ್ನು ಸುಳ್ಳು ಎಂದು ಕರೆಯುವುದಿಲ್ಲ, ಸಂಸ್ಥೆಯ ಮಾನ ಎನ್ನುತ್ತಾರೆ. ಚೀನೀ ವಿದ್ಯಾರ್ಥಿಗಳ ತಾಲೀಮು ನನ್ನ ಪಾಲಿಗೆ ಬಂತು. ನಾನು ಅದನ್ನು ‘ಕಾಲೇಜು ಜೀವನ’ದ ಕೊನೆಯ ಪಾಠವನ್ನಾಗಿ ಮಾಡಿದೆ. ಕಪ್ಪುಹಲಗೆಯ ಮೇಲೆ ಬರೆದೆ: ಏನಾದರೂ ತೊಂದರೆ ಇದೆಯೇ? ತೊಂದರೆಯೇನೂ ಇಲ್ಲ ಸರ್. ಅಧ್ಯಾಪಕರು ನಮ್ಮ ಕುಟುಂಬದಂತೆ ಇದ್ದಾರೆ. ಐವರೂ ಹತ್ತು ಸಲ ಹೇಳಿದರು.

ತರಗತಿ ಮುಗಿದ ಮೇಲೆ ಲಿನ್ ಮೇ ಉಳಿದುಕೊಂಡಳು. “ಮಿಸ್, ನಾಳೆ ಅವರಲ್ಲಿ ನನ್ನ ನಂಬರ್ ಕೇಳಬಹುದಾ? ಅವರು ಯೂನಿವರ್ಸಿಟಿಯವರು. ಅವರಿಗೆ ಗೊತ್ತಿರುತ್ತದೆ.”

ನಾನು ಹೇಳಿದ ಮಾತು ಅಕ್ಷರಶಃ ನೆನಪಿದೆ. “ನಾಳೆ ಬೇಡ ಲಿನ್. ನಾಳೆ ಪಾಠದಲ್ಲಿ ಇರುವುದನ್ನೇ ಹೇಳು. ನಂಬರಿನ ವಿಷಯ ನಾನೇ ಆಫೀಸಿನಲ್ಲಿ ಕೇಳ್ತೇನೆ.”

ಅವಳು ತಲೆಯಾಡಿಸಿದಳು. ನನ್ನ ಕೆಲಸದ ನವೀಕರಣವೂ ಅದೇ ತಿಂಗಳಲ್ಲಿತ್ತು ಎಂಬುದನ್ನು ಇಲ್ಲಿ ಮರೆಮಾಚಿದರೆ ಈ ಬರಹಕ್ಕೆ ಅರ್ಥವಿಲ್ಲ.

ಮರುದಿನ ಸಮಿತಿಯ ಅಧ್ಯಕ್ಷರು ತರಗತಿಗೆ ಬಂದರು. ವಯಸ್ಸಾದ ಪ್ರಾಧ್ಯಾಪಕರು, ಮಾತು ಮೃದು. ಲಿನ್ ಮೇ ಮೊದಲ ಬೆಂಚಿನಲ್ಲಿದ್ದಳು. “ಏನಾದರೂ ತೊಂದರೆ ಇದೆಯೇ ಅಮ್ಮ?” ಎಂದು ಇಂಗ್ಲಿಷಿನಲ್ಲಿ ಕೇಳಿದರು. ಅವಳು ಎದ್ದು ನಿಂತಳಷ್ಟೆ. ಅವರು ಹೊರಡಲಿಲ್ಲ, ಇನ್ನೊಮ್ಮೆ ಕೇಳಿದರು: “ಹೆದರಬೇಡ. ಏನಿದ್ದರೂ ಹೇಳು.” ಆಗ ಅವಳು ನನ್ನ ಕಡೆ ನೋಡಿದಳು. ಅವರ ಹಿಂದೆ ಪ್ರಿನ್ಸಿಪಾಲರು, ಪ್ರಿನ್ಸಿಪಾಲರ ಪಕ್ಕ ನಾನು. ನಾನು ಸ್ವಲ್ಪವೇ ತಲೆಯಾಡಿಸಿದೆ. ಹೇಳು, ಕಲಿತದ್ದನ್ನು ಹೇಳು ಎಂಬಂತೆ.

“ತೊಂದರೆಯೇನೂ ಇಲ್ಲ ಸರ್. ಅಧ್ಯಾಪಕರು ನಮ್ಮ ಕುಟುಂಬದಂತೆ ಇದ್ದಾರೆ.”

ಒಂದು ತಪ್ಪೂ ಇರಲಿಲ್ಲ. ಅಧ್ಯಕ್ಷರು ನನ್ನನ್ನು ಅಭಿನಂದಿಸಿದರು. ವರದಿಯ ಆ ವಾಕ್ಯವನ್ನು ಪ್ರಿನ್ಸಿಪಾಲರು ಮುಂದೆ ಸಿಬ್ಬಂದಿ ಸಭೆಯಲ್ಲಿ ಎರಡು ಬಾರಿ ಓದಿ ಹೇಳಿದರು. ನನ್ನ ಕೆಲಸ ನವೀಕರಣವಾಯಿತು.

ಆಫೀಸಿನಲ್ಲಿ ನಾನು ಕೇಳಿದೆ, ನಿಜ. “ಆಗ್ತದೆ” ಎಂದರು. ಮತ್ತೆ ಕೇಳಿದೆ, ಮತ್ತೆ “ಆಗ್ತದೆ”. ಏಪ್ರಿಲ್‌ನಲ್ಲಿ ಪ್ರವೇಶಪತ್ರಗಳ ಕಟ್ಟು ಬಂದಾಗ ಅದರಲ್ಲಿ ಐವರದ್ದು ಇರಲಿಲ್ಲ. ನಾನೇ ವಿಶ್ವವಿದ್ಯಾನಿಲಯಕ್ಕೆ ಹೋಗಿ ವಿಚಾರಿಸಿದೆ. ಅರ್ಹತಾ ಪತ್ರದ ಅರ್ಜಿ ಬಂದೇ ಇರಲಿಲ್ಲ. ಅಲ್ಲಿನ ಅಧಿಕಾರಿ ಕಡತ ಮುಚ್ಚುತ್ತಾ ಹೇಳಿದರು: “ಜನವರಿ ಕೊನೆಯವರೆಗೂ ದಂಡ ಕಟ್ಟಿ ಮಾಡ್ಲಿಕ್ಕೆ ಆಗ್ತಿತ್ತು ಮೇಡಂ. ನಿಮ್ಮ ಕಾಲೇಜಿಗೆ ಸಮಿತಿ ಬಂದಿತ್ತಲ್ಲ, ಆಗ ಯಾರೂ ಬಾಯಿ ಬಿಡ್ಲಿಲ್ವಾ?”

ನನ್ನ ತಂದೆ ಸೌದಿಯ ದಮ್ಮಾಮಿನಲ್ಲಿ ಹನ್ನೆರಡು ವರ್ಷ ದುಡಿದವರು. ಪ್ರತಿ ಶುಕ್ರವಾರದ ಫೋನಿನಲ್ಲಿ ‘ಎಲ್ಲ ಸೌಖ್ಯ’ ಎನ್ನುತ್ತಿದ್ದರು. ಅವರು ಮರಳಿದ ಮೇಲೆಯೇ ಅಲ್ಲಿ ಎರಡು ವರ್ಷ ಪಾಸ್‌ಪೋರ್ಟು ಕೈಯಲ್ಲಿರಲಿಲ್ಲ ಎಂದು ನನ್ನ ತಾಯಿಗೆ, ಉಮ್ಮನಿಗೆ, ತಿಳಿದದ್ದು. ಪರದೇಶದಲ್ಲಿರುವವರ ‘ತೊಂದರೆಯಿಲ್ಲ’ ಎಂಬ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂದು ತಿಳಿದೇ ಬೆಳೆದವಳು ನಾನು. ಆ ಮಾತನ್ನೇ ಕಪ್ಪುಹಲಗೆಯ ಮೇಲೆ ಬರೆದು ಕಲಿಸಿದೆ. ಮೂರನೆಯ ಆರೋಪ ಇದು.

ಜೂನ್‌ನಲ್ಲಿ ಅವರ ವೀಸಾ ಮುಗಿಯಿತು. ಪರೀಕ್ಷೆಯನ್ನೇ ಬರೆಯದವರ ವೀಸಾ ವಿಸ್ತರಣೆಗೆ ಶಿಫಾರಸು ಪತ್ರ ಕೊಡಲು ಕಾಲೇಜು ಒಪ್ಪಲಿಲ್ಲ. ಗುರುವಾಯನಕೆರೆಯ ಬಸ್ ಸ್ಟ್ಯಾಂಡಿನವರೆಗೆ ನಾನು ಜೊತೆಗೆ ಹೋದೆ. ಬಿ.ಸಿ. ರೋಡಿಗೆ ಹೋಗಿ ಅಲ್ಲಿಂದ ಬೆಂಗಳೂರು ಬಸ್ಸು ಹಿಡಿಯುವವರಿದ್ದರು. ಸುಂದರಣ್ಣ ಯಾರಿಗೂ ಹೇಳದೆ ಬಂದು, ದಾರಿಗೆಂದು ಬಾಳೆಹಣ್ಣಿನ ಹಲ್ವದ ಪೊಟ್ಟಣ ಕೊಟ್ಟು, ಮುಖ ತಿರುಗಿಸಿ ನಿಂತರು. ಲಿನ್ ಮೇ ಅವರಿಗೆ “ವಣಸ್ ಆಂಡಾ?” ಎಂದಳು.

ಬಸ್ಸು ಹತ್ತುವ ಮೊದಲು ಅವಳು ನನ್ನನ್ನು ಕೇಳಿದಳು: “ಮಿಸ್, ಕಾಲೇಜು ಹೇಗಿತ್ತು ಎಂದು ಅಂಗಡಿಯಲ್ಲಿ ಎಲ್ಲರೂ ಕೇಳುತ್ತಾರೆ. ಯಾವ ಉತ್ತರ ಹೇಳಬೇಕು?”

ಅದರಲ್ಲಿ ಕುಟುಕು ಇರಲಿಲ್ಲ. ಪಾಠದಲ್ಲಿ ಬಾರದ ಪ್ರಶ್ನೆಯೊಂದನ್ನು ಅಧ್ಯಾಪಕಿಯಲ್ಲಿ ಕೇಳುವ ಹಾಗೆಯೇ ಕೇಳಿದಳು. ನಾನು ಅವಳ ಚೀಲವನ್ನು ಬಸ್ಸಿನೊಳಗೆ ಎತ್ತಿಟ್ಟೆ.

ಆ ತಿಂಗಳೇ ರಾಜೀನಾಮೆ ಕೊಟ್ಟೆ. ಅದರಿಂದ ಲಿನ್ ಮೇಗೆ ಯಾವ ಪ್ರಯೋಜನವೂ ಆಗಲಿಲ್ಲ. ಸೇರುವಾಗ ಕಾಲೇಜು ಇರಿಸಿಕೊಂಡಿದ್ದ ಮೂಲ ಶಾಲಾ ಪ್ರಮಾಣಪತ್ರಗಳಲ್ಲಿ ಉಳಿದ ನಾಲ್ವರವು ವಾಪಸಾದವು. ಅವಳದ್ದು ಮಾತ್ರ ಬೀರುವಿನಲ್ಲಿ ಸಿಗಲಿಲ್ಲ. ‘ಹುಡುಕುತ್ತಿದ್ದೇವೆ’ ಎಂಬ ಉತ್ತರ ಬಂದು ಎರಡು ವರ್ಷವಾಯಿತು. ಅದಿಲ್ಲದೆ ಅವಳೂರಿನ ಕಾಲೇಜೂ ಅವಳನ್ನು ಸೇರಿಸಿಕೊಳ್ಳುತ್ತಿಲ್ಲ ಎಂದು ಇಮೇಲ್ ಬರೆದಿದ್ದಾಳೆ. ಈಗ ತಾಯಿಯ ಅಂಗಡಿಯಲ್ಲಿದ್ದಾಳೆ. ಅಧ್ಯಾಪಕ ವೃತ್ತಿ ನನಗೆ ಕಲಿಸಿದ್ದು ಇಷ್ಟು: ವಿದ್ಯಾರ್ಥಿಗೆ ಉತ್ತರ ಹೇಳಿಕೊಡುವ ಮುನ್ನ, ಆ ಉತ್ತರದಿಂದ ಯಾರು ಉಳಿದುಕೊಳ್ಳುತ್ತಾರೆ, ಯಾರು ಮುಳುಗುತ್ತಾರೆ ಎಂದು ನೋಡಬೇಕು. ನಾನು ತಡವಾಗಿ ನೋಡಿದೆ.

ಆದ್ದರಿಂದ, ಕಾಲೇಜಿನ ಆಡಳಿತ ಮಂಡಳಿಯವರಲ್ಲಿ ವಿನಂತಿ: ಲಿನ್ ಮೇಯ ಮೂಲ ಪ್ರಮಾಣಪತ್ರವನ್ನು ಹುಡುಕಿ ಅವಳ ವಿಳಾಸಕ್ಕೆ ಕಳುಹಿಸಿ. ಸಿಗದಿದ್ದರೆ ಅದು ನಿಮ್ಮ ಕೈಯಲ್ಲಿ ಕಳೆದುಹೋಯಿತು, ಆ ವರ್ಷ ವ್ಯರ್ಥವಾದದ್ದು ಅವಳ ತಪ್ಪಿನಿಂದಲ್ಲ ಎಂದು ಸಹಿ ಮಾಡಿದ ಪತ್ರ ಕೊಡಿ, ನಕಲು ಪಡೆಯಲು ಅವಳಿಗೆ ಅದೇ ಆಧಾರ. ವಿಶ್ವವಿದ್ಯಾನಿಲಯದ ಕುಲಸಚಿವರಲ್ಲಿ ವಿನಂತಿ: ಸಮಿತಿಯ ವರದಿಯಲ್ಲಿರುವ ಆ ಒಂದು ವಾಕ್ಯವನ್ನು ತನಿಖೆಗೆ ಒಳಪಡಿಸಿ, ಸತ್ಯ ಕಂಡುಬಂದ ಮೇಲೆ ತಿದ್ದಿ, ಹೊಣೆಗಾರರ ಮೇಲೆ ಕ್ರಮ ಕೈಗೊಂಡು ಲಿಖಿತ ಉತ್ತರ ಕೊಡಬೇಕು. ಆ ಹೊಣೆಗಾರರ ಪಟ್ಟಿಯಲ್ಲಿ ನನ್ನ ಹೆಸರನ್ನೂ ಸೇರಿಸಿ. ಸಮಿತಿ ಇನ್ನೊಮ್ಮೆ ಬರಲಿ, ಅದೇ ಪ್ರಶ್ನೆಯನ್ನು ಕೇಳಲಿ. ಈ ಬಾರಿ ಅವರ ಹಿಂದೆ ನಿಂತು ತಲೆಯಾಡಿಸುವುದಿಲ್ಲ. ಆ ಮೊದಲ ಬೆಂಚಿನಲ್ಲಿ ಎದ್ದು ನಿಂತು ನಾನೇ ಉತ್ತರ ಹೇಳುತ್ತೇನೆ.