ಬ್ರಾಂಕ್ಸ್‌ನಲ್ಲಿ ಸಿಕ್ಕ ಅರ್ಧ ದಾರಿ

ಜೂನ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ನಾನೂ ಗೆಳತಿ ವಸುಧಾಳೂ ಮಾರಿಸ್‌ಟೌನ್‌ನಲ್ಲಿ ರೈಲು ಹತ್ತಿದೆವು. ಆಸ್ಪತ್ರೆಯ ಲ್ಯಾಬಿನಲ್ಲಿ ನಮ್ಮ ಜೊತೆ ಕೆಲಸ ಮಾಡುವ ಘಾನಾ ದೇಶದ ಅಕೋಸುವಾ ತನ್ನ ತಾಯಿಯ ಕಾರ್ಯಕ್ಕೆಂದು ಬ್ರಾಂಕ್ಸ್‌ಗೆ ಕರೆದಿದ್ದಳು. ಅವಳ ತಾಯಿ ತೀರಿಕೊಂಡದ್ದು ಕೋವಿಡ್ ಬಂದ ಮೊದಲ ವಸಂತದಲ್ಲಿ. ಆಗ ಮಣ್ಣಿಗೆ ಹೋದವರು ಐದೇ ಜನ, ಡೋಲಿಲ್ಲ, ಕುಣಿತವಿಲ್ಲ. "ಅಮ್ಮ ಒಂದು ಮಾತೂ ಹೇಳದೆ ಹೋದಳು. ಸರಿಯಾಗಿ ಕಳಿಸಿಕೊಡುವವರೆಗೆ ನನಗೆ ಸಮಾಧಾನವಿಲ್ಲ" ಎನ್ನುತ್ತಿದ್ದಳು. ನೆಂಟರೆಲ್ಲ ಒಂದೆಡೆ ಸೇರುವ ಹೊತ್ತಿಗೆ ಇಷ್ಟು ವರ್ಷಗಳಾಗಿದ್ದವು.

ಮ್ಯಾನ್‌ಹಟನ್‌ಗೆ ಒಂದೂಕಾಲು ಗಂಟೆ, ಅಲ್ಲಿಂದ ಮೂರು ಡಾಲರಿನ ಸಬ್‌ವೇ. ವಿಪರೀತ ಸೆಕೆ. ಸಾವಿನ ಕಾರ್ಯವೆಂದು ಇಬ್ಬರೂ ಬಿಳಿ ಸೀರೆ ಉಟ್ಟಿದ್ದೆವು. "ಮಾರಿ ಸಪ್ಪಗ ಇಟ್ಕೋ, ಹಲ್ಲು ಕಿರಿಬ್ಯಾಡ" ಎಂದು ಧಾರವಾಡದ ವಸುಧಾ ದಾರಿಯುದ್ದಕ್ಕೂ ನನ್ನನ್ನು ತಿದ್ದುತ್ತಲೇ ಇದ್ದಳು.

ಡೋಲಿನ ಸದ್ದು ಬೀದಿಯ ತುದಿಗೇ ಕೇಳಿಸಿತು. ಸಭಾಂಗಣದ ತುಂಬ ಕಪ್ಪು ಬಿಳುಪಿನ ಬಟ್ಟೆ. ತುಂಬು ಬಾಳು ಬಾಳಿ ಹೋದವರಿಗೆ ಅದೇ ಬಣ್ಣವಂತೆ. ನಮ್ಮ ಸೀರೆಗೆ ಮೆಚ್ಚುಗೆ ಸಿಕ್ಕಿತು. ಅವರ ಬಟ್ಟೆಯ ಮೇಲೆ ಬೀಗ, ಬೀಗದ ಕೈ, ವಿಮಾನಗಳ ಅಚ್ಚು.

"ಕೋವಿಡ್ ಬಂದಾಗ ಮನೆಗಳಿಗೆ ಬೀಗ ಬಿತ್ತು, ವಿಮಾನ ನಿಂತವು. ನಾವು ಕಂಡದ್ದನ್ನು ಉಡುತ್ತೇವೆ. ಉಟ್ಟು ಕುಣಿದರೆ ಹೆದರಿಕೆ ಕಡಿಮೆಯಾಗುತ್ತದೆ" ಎಂದಳು ಅಕೋಸುವಾ.

ಆ ರೋಗವನ್ನು ನಾನು ಬಲ್ಲದ್ದು ಲ್ಯಾಬಿನ ಕೊಳವೆಗಳಲ್ಲಿ, ರಿಪೋರ್ಟುಗಳಲ್ಲಿ. ಇಲ್ಲಿ ಅವಳ ಚಿಕ್ಕಮ್ಮ ಅದನ್ನೇ ಕುಣಿದರು: ಕೈ ತೊಳೆದರು, ಮಾಸ್ಕ್ ಏರಿಸಿದರು, ಮುಚ್ಚಿದ ಬಾಗಿಲ ಮುಂದೆ ಕಾದರು, ಕೊನೆಗೆ ಬಾಗಿಲನ್ನು ಸೊಂಟದಿಂದಲೇ ತಳ್ಳಿ ತೆರೆದರು. ಜನ ನಗುತ್ತ ಅವರ ತಲೆಯ ಮೇಲೆ ಎರಡು ಬೆರಳು ಎತ್ತಿ ಹಿಡಿದರು. ಅದು ಅವರ ಶಹಬ್ಬಾಸ್. ಸಪ್ಪೆ ಮೋರೆಯ ವಸುಧಾ ಎದ್ದು ಕುಣಿದದ್ದನ್ನು ನೋಡಿ ನನಗೆ ಹೊಟ್ಟೆ ಹುಣ್ಣಾಗುವಷ್ಟು ನಗು ಬಂತು. ಊಟಕ್ಕೆ ಖಾರವಾದ ಜೊಲೊಫ್ ಅನ್ನ, ಶುಂಠಿ ಹಚ್ಚಿ ಕರಿದ ಬಾಳೆಹಣ್ಣು. ಎರಡು ಸಲ ಬಡಿಸಿಕೊಂಡೆ.

ನಾಲ್ಕು ಗಂಟೆಗೆ ವಸುಧಾ ನನ್ನ ಸೆರಗು ಜಗ್ಗಿದಳು. "ಸಾವಿನ ಮನಿ, ಹೋಗಿ ಬರ್ತೀನಿ ಅನ್ನಬಾರದು. ಸುಮ್ನ ನಡಿ."

ಸದ್ದಿಲ್ಲದೆ ಹೊರಬಿದ್ದು ಸಬ್‌ವೇ ಮೆಟ್ಟಿಲು ತಲುಪಿದ್ದೆವು. ಹಿಂದೆ ಅಕೋಸುವಾ ಓಡಿ ಬಂದಳು, ಕಣ್ಣಲ್ಲಿ ನೀರು.

"ನೀವೂ ಹೇಳದೆ ಹೊರಟಿರಾ?"

ನಾಚಿಕೆಯಾಯಿತು. ನಮ್ಮ ಪದ್ಧತಿ ವಿವರಿಸಿದೆ. ಅವಳು ಕಣ್ಣೊರೆಸಿಕೊಂಡು ತನ್ನದನ್ನು ಹೇಳಿದಳು. "ನಮ್ಮಲ್ಲಿ ಹೊರಡುವವರು 'ದಾರಿ ಕೊಡಿ' ಅಂತ ಕೇಳಬೇಕು. ಕೇಳಿದರೆ ಅರ್ಧ ಕೊಡುತ್ತೇವೆ. ಇನ್ನರ್ಧ ನಮ್ಮ ಹತ್ತಿರವೇ ಇರುತ್ತದೆ, ಮತ್ತೆ ಬರಲಿ ಅಂತ."

ವಾಪಸು ಹೋದೆವು. ತಾಯಿಯ ಪಟದ ಮುಂದೆ ನಿಂತು, ಎಲ್ಲರೆದುರು ದಾರಿ ಕೇಳಿದೆವು.

"ಅಮ್ಮನಿಗೆ ಇವತ್ತು ಪೂರ್ತಿ ದಾರಿ ಕೊಟ್ಟು ಕಳಿಸಿದೆ" ಎಂದು ಅಕೋಸುವಾ ನಮ್ಮಿಬ್ಬರ ಕೈ ಹಿಡಿದಳು. ಅವಳು ಅಷ್ಟು ಹಗುರಾಗಿ ನಕ್ಕದ್ದನ್ನು ನಾನು ಕಂಡಿರಲಿಲ್ಲ. "ನಿಮಗೆ ಮಾತ್ರ ಅರ್ಧವೇ."

ನಾನು ಬಾಯಿ ತೆರೆಯುವ ಮೊದಲೇ ವಸುಧಾ ಅಕೋಸುವಾಳಿಗೆ ಕನ್ನಡದಲ್ಲಿ, ಇಡೀ ಸಭಾಂಗಣಕ್ಕೆ ಕೇಳುವಂತೆ ಹೇಳಿದಳು: "ಹೋಗಿ ಬರ್ತೀವಿ ನಮ್ಮವ್ವಾ."