ಬೆಲ್ಲದ ಹಿಂದಿನ ಗೊಟ್ಟ

ನಮ್ಮ ಅಜ್ಜಿ ಬೆಲ್ಲದ ಡಬ್ಬಿಗೆ ಕೈ ಹಾಕಿದಳೆಂದರೆ ನಾವು ಮಕ್ಕಳೆಲ್ಲ ಮಸರಕಲ್ ಊರೇ ದಾಟಿ ಓಡಿಹೋಗುತ್ತಿದ್ದೆವು.

ಅಮಾವಾಸ್ಯೆ ಬಂದರೆ ಮೊದಲು ಕುರಿಮರಿಗಳ ಪಾಳಿ, ಆಮೇಲೆ ನಮ್ಮದು. ಬೇವಿನ ಚಿಗುರು, ಹಾಗಲ ಎಲೆ, ಒಂದಿಷ್ಟು ಅಜವಾನ ಅರೆದು, ಹಳೇ ಸೀರೆಯ ತುಂಡಿನಲ್ಲಿ ಹಿಂಡಿ ಹಸಿರು ರಸ ತೆಗೆಯುತ್ತಿದ್ದಳು. ಮರಿಗಳಿಗೆ ಔಷಧ ಕುಡಿಸುವ ಬಿದಿರಿನ ಗೊಟ್ಟವನ್ನೇ ತೊಳೆದು ನಮ್ಮ ಬಾಯಿಗೂ ಇಡುತ್ತಿದ್ದಳು. ಅದಕ್ಕೆ ಮುಂಚೆ ಬೆಲ್ಲ. "ಬೆಲ್ಲದ ವಾಸನಿಗಿ ಜಂತು ಎಲ್ಲಾ ಬಾಯಿ ತಕ್ಕೊಂಡು ಮ್ಯಾಲ ಬರ್ತಾವ. ಆವಾಗ ಹೊಡೀಬೇಕು," ಎನ್ನುತ್ತಿದ್ದಳು. ನಾನು ಹಲ್ಲು ಕಚ್ಚಿದರೆ ಮೂಗು ಹಿಡಿಯುತ್ತಿದ್ದಳು. ಮೂಗು ಹಿಡಿದರೆ ಬಾಯಿ ತೆರೆಯಲೇಬೇಕಲ್ಲ, ಹಾಳು ಉಸಿರು! ಮರುದಿನ ಬೇಲಿಯ ಹಿಂದೆ ನಮ್ಮ ಬೆನ್ನಿಗೇ ಬಂದು, ಕಡ್ಡಿಯಿಂದ ಕೆದಕಿ ನೋಡಿ, ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು: "ಬಿದ್ದಾವ ಬರ್ರೇ, ನೋಡ್ರಿ!" ನಾಚಿಕೆಯಿಂದ ಸಾಯುವ ಹಾಗಾಗುತ್ತಿತ್ತು.

ಅವ್ವ ಕುರ್ಡಿಯಿಂದ ಸೊಸೆಯಾಗಿ ಬಂದ ಹೊಸದರಲ್ಲಿ ಒಂದು ದಿನ ಊಟದ ನಡುವೆ ಇನ್ನೊಂದು ರೊಟ್ಟಿ ಕೇಳಿದಳಂತೆ. ಅಷ್ಟೇ ಆಕೆಯ ಅಪರಾಧ. "ಇಷ್ಟ್ ಹಸಿವಿ ಆಗೂದಿಲ್ಲ. ಹೊಟ್ಟ್ಯಾಗ ಜಂತು ಆಗ್ಯಾವ," ಎಂದ ಅಜ್ಜಿ ಓಣಿಯ ಹೆಂಗಸರ ಎದುರೇ ಕೈಗೆ ಬೆಲ್ಲ ಕೊಟ್ಟು, ಮೂಗು ಹಿಡಿದು, ಬಾಯಿಗೆ ಗೊಟ್ಟ ಹಾಕಿದಳು. ಅವರು ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕರಂತೆ. ಅವ್ವ ಆ ಮನೆಯಲ್ಲಿ ಮತ್ತೆಂದೂ ಎರಡನೇ ಸಲ ರೊಟ್ಟಿ ಕೇಳಲಿಲ್ಲ. ಇದನ್ನು ಹೇಳುವಾಗ ಆಕೆಯ ದನಿ ಏರಲಿಲ್ಲ, ಕೇಳಿದ ನನಗೇ ಮೈಯೆಲ್ಲ ಉರಿಯಿತು.

ಮದುವೆಯಾಗಿ ನಾನು ರಾಯಚೂರು ಸೇರಿದೆ. ನನ್ನ ಮಗಳಿಗೆ ಶಾಲೆಯಲ್ಲೇ ಜಂತಿನ ಗುಳಿಗೆ ಕೊಡುತ್ತಾರೆ, ಅಗಿದರೆ ಸಿಹಿ. ಅದನ್ನು ಕೇಳಿ ಅಜ್ಜಿ ಬಿದ್ದು ಬಿದ್ದು ನಕ್ಕಳು. "ಸಿಹಿ ಔಷಧಕ್ಕ ಜಂತು ಸಾಯ್ತಾವೇನ ಹುಚ್ಚಿ? ಮದುವಿ ಮಾಡ್ಕೊಂಡು ಕುಣೀತಾವ!"

ಹೋದ ವರ್ಷ ಅಜ್ಜಿಗೆ ಮರೆವು ಹತ್ತಿತು. ಉಂಡು ಕೈ ತೊಳೆಯುವುದರೊಳಗೆ ಉಂಡದ್ದೇ ಮರೆಯುತ್ತಿದ್ದಳು. ನಾನು ಊರಿಗೆ ಹೋಗಿದ್ದ ದಿನವೂ ತಟ್ಟೆ ತೆಗೆದ ಮೇಲೆ, "ರೊಟ್ಟಿ ಕೊಡಬೇ, ಹಸಿವಿ ಆಗ್ಯಾದ," ಎಂದು ಶುರುಮಾಡಿದಳು.

ಅವ್ವ ಒಲೆಯ ಮುಂದಿನಿಂದ ಎದ್ದಳು. "ಇಷ್ಟ್ ಹಸಿವಿ ಆಗೂದಿಲ್ಲ ಅತ್ತೀ. ಹೊಟ್ಟ್ಯಾಗ ಜಂತು ಆಗ್ಯಾವ."

ಚೇಷ್ಟೆ ಮಾಡುತ್ತಿದ್ದಾಳೆ ಅಂದುಕೊಂಡೆ. ಆದರೆ ರಸ ಆಗಲೇ ಹಿಂಡಿಟ್ಟಿದ್ದಳು. ಬೆಲ್ಲ ಕಂಡದ್ದೇ ಅಜ್ಜಿಯ ಮುಖ ಅರಳಿತು, ತಾನೇ ಕಲಿಸಿದ ವಿದ್ಯೆ ಆಕೆಗೆ ನೆನಪಿರಲಿಲ್ಲ. ಬೆಲ್ಲ ಬಾಯಲ್ಲಿರುವಾಗಲೇ ಅವ್ವ ಮೂಗು ಹಿಡಿದು ಗೊಟ್ಟ ಒತ್ತಿದಳು. ಹಸಿರು ರಸ ಗದ್ದದಿಂದ ಇಳಿದು ಕುಪ್ಪಸ ತೋಯಿಸಿತು. ನನಗೆ ಪಾಪ ಅನ್ನಿಸಲಿಲ್ಲ. ಮಾಡಿದ್ದುಣ್ಣೋ ಮಹಾರಾಯ, ಬೇಕಿತ್ತು ಮುದುಕಿಗೆ, ಅಂದುಕೊಂಡೆ. ಆದರೆ ಆಕೆ ಉಸಿರು ಸಿಗದೆ ಕಾಲು ಬಡಿಯತೊಡಗಿದಾಗ ನೋಡಲಾಗಲಿಲ್ಲ.

"ಯವ್ವಾ, ಸಾಕು ಬಿಡು."

"ನನಗ ಯಾರರ ಸಾಕು ಅಂದಿದ್ರೇನು?" ಎಂದಳು ಅವ್ವ.

ಆಮೇಲೆ ರಸದ ಅಗತ್ಯವೇ ಬೀಳಲಿಲ್ಲ. ಅಜ್ಜಿ ರೊಟ್ಟಿ ಕೇಳಿದರೆ ಅವ್ವ ಗೂಟಕ್ಕೆ ನೇತುಹಾಕಿದ್ದ ಗೊಟ್ಟದ ಕಡೆ ನೋಡುತ್ತಿದ್ದಳು, ಅಷ್ಟೇ. ಅಜ್ಜಿ ಗಪ್ಪಾಗುತ್ತಿದ್ದಳು. ಮಗನ ಹೆಸರು ಮರೆತಳು, ಗೊಟ್ಟ ಮರೆಯಲಿಲ್ಲ. ಬರಬರುತ್ತ ಅವ್ವನ ಕೈಯಿಂದ ಏನನ್ನೂ ತಿನ್ನದಾದಳು. ಅಪ್ಪ ಕುರಿ ಮೇಯಿಸಿ ಬಂದು ಉಣ್ಣಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಈ ಸಲ ಕೊನೆಗಾಲ ಬಂತೆಂದು ಫೋನ್ ಬಂದಾಗ ಓಡಿದೆ. ಪ್ರಾಣ ಹೋಗುವವರ ಬಾಯಿಗೆ ಮನೆಯವರೆಲ್ಲ ಹನಿ ನೀರು ಬಿಡುವುದು ನಮ್ಮಲ್ಲಿ ಪದ್ಧತಿ. ಸೊಸೆಯ ಕೈನೀರು ಇಳಿಯದಿದ್ದರೆ ಆಕೆಯನ್ನು ಸಾಯುವ ತನಕ ಊರು ಆಡಿಕೊಳ್ಳುತ್ತದೆ. ಅಪ್ಪನ ನೀರು ಇಳಿಯಿತು. ನನ್ನದೂ ಇಳಿಯಿತು. ಅವ್ವನ ಬಳೆಯ ಸಪ್ಪಳ ಕೇಳಿದ್ದೇ ಅಜ್ಜಿ ಬಾಯಿ ಬಿಗಿದಳು.

"ನೀರ್ರೀ ಅತ್ತೀ. ಬರೇ ನೀರು," ಎಂದಳು ಅವ್ವ. ಅಜ್ಜಿ ಬಾಯಿ ತೆರೆಯಲಿಲ್ಲ. ಸುತ್ತ ಓಣಿಯ ಹೆಂಗಸರು ಕೂತಿದ್ದರು. ಅಂದು ಸೆರಗು ಮುಚ್ಚಿ ನಕ್ಕವರಲ್ಲಿ ಉಳಿದಿದ್ದ ಮುದುಕಿಯೊಬ್ಬಳು ಅಂದಳು, "ಮೂಗು ಹಿಡಿಯವ್ವಾ. ತೆರೀತಾಳ."

ಅವ್ವ ನನ್ನ ಮುಖ ನೋಡಿದಳು. ಆಮೇಲೆ ಹೆಂಗಸರ ಮುಖ ನೋಡಿದಳು. ಬೆರಳು ಮೂಗಿಗೆ ತಾಗಿತಷ್ಟೇ, ಅಜ್ಜಿ ತಾನಾಗಿಯೇ ಬಾಯಿ ತೆರೆದಳು. ನೀರು ಒಳಗೆ ಹೋಯಿತು. ಬರೀ ನೀರಿಗೆ ಆಕೆ ಬೇವಿನ ರಸ ಕುಡಿದವರ ಹಾಗೆ ಮುಖ ಕಿವುಚಿದಳು, ಹಾಗೇ ಉಸಿರು ನಿಂತಿತು.

"ಸೊಸಿ ಕೈನೀರು ಕುಡದು ಹೋದ್ಳು, ಪುಣ್ಯವಂತಿ," ಎಂದರು ಹೆಂಗಸರು.

ಅವ್ವ ಬಾಗಿ, ಕಿವುಚಿದ ಆ ಮುಖವನ್ನು ಬೆರಳಿನಿಂದ ತೀಡುತ್ತಲೇ ಇದ್ದಳು. ಅದು ನೆಟ್ಟಗಾಗಲಿಲ್ಲ.