ಬಕೆಟ್ ಅತ್ತೆಯ ದಣಿದ ನೀರು

ನಮ್ಮ ಮಹಡಿ ಮನೆಯ ಬಕೆಟ್ ಅತ್ತೆಗೆ ನಲ್ಲಿ ನೀರನ್ನು ನೇರವಾಗಿ ಗಿಡಕ್ಕೆ ಸುರಿಯುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. "ಕ್ಲೋರಿನ್ ಔಷಧಿ ವಾಸನೆ ಹೊತ್ಕೊಂಡು ಅಷ್ಟುದ್ದ ಪೈಪಲ್ಲಿ ಓಡೋಡಿ ಬಂದಿದೆ ಪಾಪ, ರಾತ್ರಿಯೆಲ್ಲ ಕೂತು ಸುಧಾರಿಸಿಕೊಳ್ಳಲಿ" ಅನ್ನುವುದು ಅವರ ವಾದ. ಹಾಗಾಗಿ ಬಾಲ್ಕನಿಯಲ್ಲಿ ಬಕೆಟ್‌ಗಳು, ಕೊಡಗಳು, ಹಳೇ ಕುಕ್ಕರು, ಕೊನೆಗೆ ಅಂಗಾತ ಮಲಗಿಸಿದ ಮಗನ ಹೆಲ್ಮೆಟ್ಟು ಕೂಡ ನೀರು ತುಂಬಿಕೊಂಡು ಸಾಲಾಗಿ ವಿಶ್ರಾಂತಿ ಪಡೆಯುತ್ತಿರುತ್ತವೆ. ಒಮ್ಮೆ ಅವರ ಯಜಮಾನರು ಗೊತ್ತಾಗದೆ ಅದರಲ್ಲೊಂದು ಬಕೆಟ್ ಎತ್ತಿಕೊಂಡು ಹೋಗಿ ಸ್ನಾನ ಮಾಡಿಬಿಟ್ಟರು. "ಗುಲಾಬಿ ಪಾಲಿನ ನೀರು ತಲೆ ಮೇಲೆ ಸುರ್ಕೊಂಡ್ರಲ್ಲ, ಅಲ್ಲೇನು ಹೂ ಬಿಡುತ್ತಾ?" ಎಂದು ಅತ್ತೆ ಅವರ ಬೋಳು ತಲೆ ತೋರಿಸಿ ಕೇಳಿದ್ದು ಇಡೀ ಬೀದಿಗೆ ಕೇಳಿಸಿತು. ಬೆಳಗ್ಗೆ ಎದ್ದು ಒಂದೊಂದು ಬಕೆಟ್ಟನ್ನೂ ಮೂಸಿ, "ಹೂಂ, ಈಗ ಸಮಾಧಾನವಾಗಿದೆ" ಎಂದ ಮೇಲೇ ಗಿಡಗಳಿಗೆ ನೀರು. ಕೆಳಮನೆಯ ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು, ಮೊನ್ನೆ ಅವರ ಮಗ ಮದುವೆಯಾಗಿ ಹೆಂಡತಿಯನ್ನು ಕರೆತರುವವರೆಗೂ. ನೆರೆದ ನೆಂಟರೆಲ್ಲ ಆ ಹುಡುಗಿಯನ್ನು ಸುತ್ತುವರಿದು, ಅಡುಗೆ ಬರುತ್ತಾ, ಹಾಡು ಬರುತ್ತಾ, ಇಷ್ಟು ಮೆತ್ತಗೆ ಮಾತಾಡಿದರೆ ಹೇಗಮ್ಮಾ ಎಂದು ಶುರು ಹಚ್ಚಿಕೊಂಡರು. ಅತ್ತೆ ಅವಳ ಕೈ ಹಿಡಿದು ಬಾಲ್ಕನಿಗೆ ಕರೆದೊಯ್ದು, ಬಕೆಟ್‌ಗಳ ಸಾಲಿನಲ್ಲೇ ಒಂದು ಕುರ್ಚಿ ಹಾಕಿ ಕೂರಿಸಿ, ಬಾಗಿಲಿಗೆ ಅಡ್ಡ ನಿಂತರು. "ಯಾರೂ ಈ ಕಡೆ ಬರಬೇಡಿ" ಎಂದರು, "ಮಗು ದೂರದಿಂದ ಬಂದಿದೆ ಪಾಪ, ಕೂತು ಸುಧಾರಿಸಿಕೊಳ್ಳಲಿ."